ಯಾವ ಗೇಟು ಮುಚ್ಚಿತು? ಕುಂಕುಮದ ಮರ, ಉಳ್ಳಾಗಡ್ಡಿ ಮತ್ತು ಕೈನೇಸ್ ತಡೆಯುವ ಪದಾರ್ಥಗಳ ಕತೆ

(ಪಾಡ್‌ಕಾಸ್ಟ್ ಮಾತಿನ ಪಠ್ಯರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹಳೆಯ ಲೆಕ್ಕದ ಈ ನಾಲ್ಕೂ ತಾಲೂಕಿನ ಕೇಳುಗರಿಗೆ, ಅಲ್ಲಿಂದ ಓದಲಿಕ್ಕೆ ಅಂತ ಧಾರವಾಡ, ಬೆಂಗಳೂರು, ಪುಣೆ ಸೇರಿರುವ ಹುಡುಗ ಹುಡುಗಿಯರಿಗೆ ಇವತ್ತಿನ ಮಾತು. ವಿಷಯ ಸ್ವಲ್ಪ ಗಟ್ಟಿ ಐತಿ, ಮೊದಲೇ ಹೇಳಿಬಿಡ್ತೀನಿ. ಜೀವಕೋಶದೊಳಗೆ ಸುದ್ದಿ ಹೇಗೆ ಓಡಾಡುತ್ತದೆ, ಆ ಸುದ್ದಿಯನ್ನು ಒಂದು ಕಡೆ ತಡೆದು ನೋಡುವುದಕ್ಕೆ ವಿಜ್ಞಾನಿಗಳು ಬಳಸುವ ರಾಸಾಯನಿಕಗಳು ಯಾವುವು, ಅವು ಯಾವಾಗ ನಿಜ ಹೇಳುತ್ತವೆ, ಯಾವಾಗ ದಾರಿ ತಪ್ಪಿಸುತ್ತವೆ ಅನ್ನೋದು ವಿಷಯ. ಆ ರಾಸಾಯನಿಕಗಳ ಹೆಸರು ಪ್ರೋಟೀನ್ ಕೈನೇಸ್ ಇನ್ಹಿಬಿಟರ್. ಕನ್ನಡದ ಪಠ್ಯಪುಸ್ತಕದ ಮಾತಿನಲ್ಲಿ ಕೈನೇಸ್ ಪ್ರತಿಬಂಧಕ.

ಕೋಶದ ಒಳಗೆ ಹೋಗೋ ಮೊದಲು ಕಾಲುವೆ ದಂಡೆ ಮೇಲೆ ಒಂದು ಸುತ್ತು ಹೋಗೋಣ. ನಮ್ಮ ಭಾಗದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗೋದಿಲ್ಲ.

ಆಲಮಟ್ಟಿಯಿಂದ ನೀರು ಬಿಟ್ಟರೆ ನಾರಾಯಣಪುರಕ್ಕೆ ಬರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ. ಅದರಿಂದ ಇಂಡಿ ಶಾಖಾ ಕಾಲುವೆ ಒಡೆಯುತ್ತದೆ, ಆಮೇಲೆ ವಿತರಣಾ ಕಾಲುವೆ, ಆಮೇಲೆ ಹೊಲಗಾಲುವೆ. ಪ್ರತಿ ಹಂತದಲ್ಲೂ ಒಂದು ಗೇಟು, ಗೇಟಿಗೊಂದು ಕೀಲಿ. ಬಾಗೇವಾಡಿ ಕಡೆ ಮುಳವಾಡ ಏತ ನೀರಾವರಿ, ಮುದ್ದೇಬಿಹಾಳದ ಕಡೆ ಚಿಮ್ಮಲಗಿ ಏತ ನೀರಾವರಿ. ಅಲ್ಲಿ ಗೇಟಿನ ಜೊತೆ ಪಂಪು, ಕರೆಂಟು ಎಲ್ಲ ಬೇಕು. ಈಗ ನಿಮ್ಮ ಹೊಲಕ್ಕೆ ನೀರು ಯಾವ ಗೇಟಿನಿಂದ ಬರುತ್ತಿದೆ ಅಂತ ಗೊತ್ತಾಗಬೇಕು ಅಂದ್ರೆ ಏನು ಮಾಡ್ತೀರಿ? ಒಂದು ಗೇಟು ಮುಚ್ಚಿ ನೋಡ್ತೀರಿ. ಹೊಲಕ್ಕೆ ನೀರು ನಿಂತರೆ, ಆ ಗೇಟೇ ಅಂತ ತಿಳಿಯಿತು. ಸರಳ ಲೆಕ್ಕ.

ಆದರೆ ನಿಮ್ಮ ಕೈಯಲ್ಲಿರೋ ಕೀಲಿ ಒಂದೇ ಸಲಕ್ಕೆ ಹತ್ತು ಗೇಟು ಮುಚ್ಚುವಂಥದ್ದು ಅಂತ ಇಟ್ಟುಕೊಳ್ಳಿ. ಹೊಲಕ್ಕೆ ನೀರು ನಿಲ್ಲುತ್ತದೆ, ಖರೆ. ಆದರೆ ಯಾವ ಗೇಟಿನಿಂದ? ಹೇಳಲಿಕ್ಕೆ ಆಗೋದಿಲ್ಲ. ಇನ್ನೂ ಕೆಟ್ಟದ್ದು ಅಂದ್ರೆ, ನೀವು ಗೇಟು ಮುಚ್ಚಿದ ಹೊತ್ತಿಗೇ ಪಂಪ್‌ಹೌಸಿನ ಕರೆಂಟು ಹೋಗಿರಬಹುದು. ಗೇಟು ಮುಚ್ಚಿದ್ದಕ್ಕೆ ನೀರು ನಿಂತಿತು ಅಂತ ನೀವು ವರದಿ ಬರೀತೀರಿ. ನೀರು ನಿಂತದ್ದು ಕರೆಂಟಿಗೆ. ಈ ಕರೆಂಟಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕೋಶಕ್ಕೆ ಬರೋಣ. ನಮ್ಮ ಮೈಯ ಕೋಶಗಳಿಗೆ ಹೊರಗಿನಿಂದ ಸುದ್ದಿ ಬರುತ್ತಲೇ ಇರುತ್ತದೆ. ಇನ್ಸುಲಿನ್ ಬಂತು, ಸಕ್ಕರೆ ಒಳಗೆ ತಗೋ. ಗಾಯ ಆಯ್ತು, ಒಡೆದು ಎರಡಾಗು. ಸೋಂಕು ಬಂತು, ಉರಿಯೂತ ಶುರು ಮಾಡು. ಈ ಸುದ್ದಿಯನ್ನು ಕೋಶದ ಪೊರೆಯಿಂದ ಒಳಗಿನ ಜೀನ್‌ಗಳವರೆಗೆ ದಾಟಿಸುವ ಕೆಲಸದಲ್ಲಿ ಕೈನೇಸ್‌ಗಳ ಪಾಲು ದೊಡ್ಡದು. ಕೈನೇಸ್ ಅಂದರೆ ಒಂದು ಕಿಣ್ವ. ಅದು ಎಟಿಪಿ ಅನ್ನೋ ಶಕ್ತಿಯ ಅಣುವಿನಿಂದ ಒಂದು ಫಾಸ್ಫೇಟ್ ತುಣುಕು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಂಟಿಸಿದ ಕೂಡಲೇ ಆ ಪ್ರೋಟೀನ್ ಎಚ್ಚರಾಗುತ್ತದೆ, ಅಥವಾ ಮಲಗುತ್ತದೆ. ಎಚ್ಚರಾದದ್ದು ಇನ್ನೊಂದು ಕೈನೇಸ್ ಆಗಿದ್ದರೆ, ಅದು ಮುಂದಿನದಕ್ಕೆ ಅಂಟಿಸುತ್ತದೆ. ಶಾಖಾ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ ಇದ್ದ ಹಾಗೇನೇ.

ಈ ಅಂಟಿಸೋ ಆಟವನ್ನು 1950ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಕಂಡುಹಿಡಿದರು. ಸ್ನಾಯುವಿನಲ್ಲಿ ಗ್ಲೈಕೊಜೆನ್ ಹೇಗೆ ಒಡೆಯುತ್ತದೆ ಅಂತ ನೋಡಲಿಕ್ಕೆ ಹೋದವರಿಗೆ ಇದು ಸಿಕ್ಕಿತು. ನೊಬೆಲ್ ಬಂದದ್ದು 1992ರಲ್ಲಿ, ಸುಮಾರು ನಲವತ್ತು ವರ್ಷ ತಡವಾಗಿ. 2002ರಲ್ಲಿ ಮಾನವ ಜೀನೋಮ್ ಜಾಲಾಡಿ ಎಣಿಸಿದಾಗ ಮನುಷ್ಯನಲ್ಲಿ 518 ಪ್ರೋಟೀನ್ ಕೈನೇಸ್‌ಗಳು ಸಿಕ್ಕವು. ಐನೂರಕ್ಕೂ ಮೇಲೆ ಗೇಟು. ಆಲಮಟ್ಟಿ ಜಲಾಶಯಕ್ಕೇ ಇರೋದು 26 ಗೇಟು, ನೋಡ್ರಿ.

ಇನ್ನೊಂದು ತೊಡಕು. ಈ 518ರಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಎಟಿಪಿ ಕೂರುವ ಒಂದು ಗೂಡು ಇದೆ. ಎಲ್ಲವೂ ಒಂದೇ ಮೂಲದಿಂದ ಬಂದ ಅಣ್ಣತಮ್ಮಂದಿರು, ಹಾಗಾಗಿ ಗೂಡಿನ ಆಕಾರ ಬಹಳ ಮಟ್ಟಿಗೆ ಒಂದೇ. ಬಹುತೇಕ ಪ್ರತಿಬಂಧಕಗಳು ಈ ಗೂಡಿನಲ್ಲೇ ಹೋಗಿ ಕೂತು ಎಟಿಪಿಗೆ ಜಾಗ ಇಲ್ಲದ ಹಾಗೆ ಮಾಡುತ್ತವೆ. ಒಂದು ಬೀಗಕ್ಕೆ ಮಾಡಿದ ಕೀಲಿ ಪಕ್ಕದ ಮನೆಯ ಬೀಗಕ್ಕೂ ಹತ್ತೋ ಸಾಧ್ಯತೆ ಇಲ್ಲಿ ಬಹಳ ಹೆಚ್ಚು. ಸುಮಾರು ವರ್ಷ ವಿಜ್ಞಾನಿಗಳಲ್ಲೇ ಅನೇಕರು, ಒಂದೇ ಕೈನೇಸನ್ನು ತಡೆಯುವ ಔಷಧ ಆಗೋದೇ ಇಲ್ಲ ಅಂತ ಕೈಚೆಲ್ಲಿದ್ದರು.

ಅವರು ಹಾಗೆ ಅಂದುಕೊಂಡದ್ದಕ್ಕೆ ಕಾರಣವೂ ಇತ್ತು. 1977ರಲ್ಲಿ ಜಪಾನಿನ ಸತೋಶಿ ಓಮುರಾ ಅವರ ತಂಡ ಮಣ್ಣಿನ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಸ್ಟಾರೊಸ್ಪೋರಿನ್ ಅನ್ನೋ ವಸ್ತು ತೆಗೆಯಿತು. 2015ರಲ್ಲಿ ಐವರ್‌ಮೆಕ್ಟಿನ್‌ಗೆ ಮೂಲವಾದ ಕೆಲಸಕ್ಕೆ ನೊಬೆಲ್ ಪಡೆದವರೂ ಇದೇ ಓಮುರಾ. 1986ರಲ್ಲಿ ಸ್ಟಾರೊಸ್ಪೋರಿನ್, ಪ್ರೋಟೀನ್ ಕೈನೇಸ್ ಸಿ ಅನ್ನುವುದನ್ನು ಭಾರಿ ಬಲವಾಗಿ ತಡೆಯುತ್ತದೆ ಅಂತ ಗೊತ್ತಾಯಿತು. ಎಲ್ಲರೂ ಹಿಗ್ಗಿದರು. ಆಮೇಲೆ ಬೇರೆ ಕೈನೇಸ್‌ಗಳ ಮೇಲೆ ಹಾಕಿ ನೋಡಿದರೆ ಅದನ್ನೂ ತಡೆಯಿತು, ಇದನ್ನೂ ತಡೆಯಿತು. ಇವತ್ತಿನ ಲೆಕ್ಕದಲ್ಲಿ ಪರೀಕ್ಷೆ ಮಾಡಿದ ಕೈನೇಸ್‌ಗಳಲ್ಲಿ ಬಹುಪಾಲಿಗೆ ಅದು ಅಂಟುತ್ತದೆ. ಅಂದ್ರೆ ಅದು ಕೀಲಿ ಅಲ್ಲ, ಹಾರೆ.

ಈಗ ನಮ್ಮ ಮನೆ ಹತ್ತಿರದ ಎರಡು ಕತೆ. ಮೊದಲನೆಯದು ಉಳ್ಳಾಗಡ್ಡಿಯದು, ಎರಡನೆಯದು ಕುಂಕುಮದ ಮರದ್ದು.

ಬಾಗೇವಾಡಿ, ಕೊಲ್ಹಾರ ಭಾಗದವರಿಗೆ ಉಳ್ಳಾಗಡ್ಡಿ ಏನು ಅಂತ ನಾನು ಹೇಳಬೇಕಾಗಿಲ್ಲ. ಅದರ ಸಿಪ್ಪೆಯಲ್ಲಿ, ಮೇಲಿನ ಪದರಗಳಲ್ಲಿ ಕ್ವೆರ್ಸೆಟಿನ್ ಅನ್ನೋ ಹಳದಿ ವಸ್ತು ಬಹಳ ಇರುತ್ತದೆ. ಈ ಕ್ವೆರ್ಸೆಟಿನ್ ಹಲವಾರು ಕೈನೇಸ್‌ಗಳನ್ನು ಮೆತ್ತಗೆ ತಡೆಯುತ್ತದೆ ಅನ್ನೋದು ಹಳೆಯ ಸುದ್ದಿ. ಅಮೆರಿಕದ ಇಲೈ ಲಿಲ್ಲಿ ಕಂಪನಿಯ ರಸಾಯನಶಾಸ್ತ್ರಜ್ಞರು ಅದರ ಅಣುವನ್ನೇ ಮಾದರಿ ಇಟ್ಟುಕೊಂಡು, ಅಲ್ಲಿ ಇಲ್ಲಿ ಬದಲಿಸಿ, 1994ರಲ್ಲಿ ಎಲ್‌ವೈ 294002 ಅನ್ನೋ ವಸ್ತುವನ್ನು ಪ್ರಕಟಿಸಿದರು. ಅದು ಪಿಐ3 ಕೈನೇಸ್ ಅನ್ನುವ ಒಂದು ಮುಖ್ಯ ಗೇಟನ್ನು ಮುಚ್ಚುತ್ತದೆ. ಇನ್ಸುಲಿನ್ ಸುದ್ದಿ ಹೋಗೋದು, ಕೋಶ ಬದುಕುಳಿಯೋದು, ಕ್ಯಾನ್ಸರ್ ಬೆಳೆಯೋದು, ಎಲ್ಲಕ್ಕೂ ಆ ಗೇಟಿನ ಸಂಬಂಧ ಇದೆ. ಪಿಐ3 ಕೈನೇಸ್ ಪ್ರೋಟೀನಿಗಲ್ಲ, ಕೊಬ್ಬಿನ ಅಣುವಿಗೆ ಫಾಸ್ಫೇಟ್ ಅಂಟಿಸುವಂಥದ್ದು. ಆದರೆ ಬಳಕೆಯಲ್ಲಿ ಎಲ್ಲರೂ ಅದನ್ನ ಈ ಬಳಗದಲ್ಲೇ ಸೇರಿಸಿ ಮಾತಾಡ್ತಾರೆ, ನಾನೂ ಹಾಗೇ ಮಾಡ್ತೀನಿ.

ಎಲ್‌ವೈ 294002 ಪ್ರಪಂಚದ ತುಂಬಾ ಪ್ರಯೋಗಾಲಯಗಳಿಗೆ ಹೋಯಿತು. ಅಗ್ಗ, ನೀರಿನಲ್ಲಿ ಹಾಕಿದರೂ ಬೇಗ ಕೆಡೋದಿಲ್ಲ. ಸಾವಿರಾರು ಪ್ರಬಂಧಗಳಲ್ಲಿ ಒಂದೇ ಸಾಲು: ಎಲ್‌ವೈ ಹಾಕಿದೆವು, ಪರಿಣಾಮ ನಿಂತಿತು, ಆದ್ದರಿಂದ ಇದು ಪಿಐ3 ಕೈನೇಸ್ ದಾರಿ. ಆಮೇಲೆ ಒಂದೊಂದಾಗಿ ಹೊರಬಂತು. ಅದು ಎಂಟಾರ್ ಅನ್ನೋ ಕೈನೇಸನ್ನೂ ತಡೆಯುತ್ತದೆ. ಸಿಕೆ2 ಅನ್ನುವುದನ್ನೂ ತಡೆಯುತ್ತದೆ. ಪಿಮ್ ಕೈನೇಸ್‌ಗಳನ್ನೂ ಬಿಡೋದಿಲ್ಲ. ಕೈನೇಸೇ ಅಲ್ಲದ, ಜೀನ್‌ಗಳನ್ನು ಆನ್ ಮಾಡುವ ಬಿಆರ್‌ಡಿ ಗುಂಪಿನ ಪ್ರೋಟೀನುಗಳಿಗೂ ಹೋಗಿ ಅಂಟುತ್ತದೆ.

ಇಲ್ಲಿ ಒಂದು ತಮಾಷೆ ಐತಿ. ಪ್ರಯೋಗದಲ್ಲಿ ಜೋಡಿ ಇಟ್ಟು ನೋಡೋ ಪದ್ಧತಿ ಇದೆ. ಅಸಲಿಯಂತೆಯೇ ಕಾಣುವ, ಆದರೆ ಆ ಗೇಟು ಮುಚ್ಚದ ಇನ್ನೊಂದು ಅಣು ಹಾಕಿ ಹೋಲಿಸಬೇಕು. ಎಲ್‌ವೈಗೆ ಅಂಥ ಜೋಡಿ ಅಂತ ಎಲ್‌ವೈ 303511 ಬಳಸುತ್ತಿದ್ದರು. ಅದು ಪಿಐ3 ಕೈನೇಸನ್ನು ಮುಟ್ಟೋದಿಲ್ಲ, ಖರೆ. ಆದರೆ ಎಂಟಾರ್ ಮತ್ತು ಸಿಕೆ2 ಮೇಲೆ ಅದೂ ಕೈ ಹಾಕುತ್ತದೆ ಅಂತ ತೋರಿತು. ಸಾಕ್ಷಿಗೆ ಅಂತ ಕರೆತಂದವನೇ ಕಳ್ಳತನದಲ್ಲಿ ಅರ್ಧ ಪಾಲುದಾರ!

ಈ ಉಳ್ಳಾಗಡ್ಡಿ ಕತೆ ಹೇಳೋದಕ್ಕೆ ನನಗೆ ಇನ್ನೊಂದು ಕಾರಣ ಇದೆ, ಅದನ್ನ ಇಲ್ಲೇ ಹೇಳಿಬಿಡ್ತೀನಿ. ಉಳ್ಳಾಗಡ್ಡಿ ರಸ ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಅನ್ನೋ ವಾಟ್ಸಾಪ್ ಸಂದೇಶಗಳು ನಿಮಗೂ ಬಂದಿರುತ್ತವೆ. ಅವುಗಳ ಹಿಂದೆ ಒಂದು ಚೂರು ನಿಜ ಇರೋದೇ ಅಪಾಯ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಕ್ವೆರ್ಸೆಟಿನ್ ಸುರಿದರೆ ಅವು ಸಾಯಬಹುದು. ಅಷ್ಟು ಸುರಿದರೆ ಬೇರೆ ಎಷ್ಟೋ ವಸ್ತುಗಳಿಗೂ ಸಾಯುತ್ತವೆ. ನಾವು ತಿಂದದ್ದು ಕರುಳು, ಯಕೃತ್ತು ದಾಟುವ ಹೊತ್ತಿಗೆ ಬಹಳಷ್ಟು ಬೇರೆ ರೂಪಕ್ಕೆ ತಿರುಗಿರುತ್ತದೆ, ರಕ್ತದಲ್ಲಿ ಉಳಿಯುವ ಪ್ರಮಾಣ ತಟ್ಟೆಯ ಪ್ರಮಾಣಕ್ಕೆ ಹೋಲಿಸಿದರೆ ತೀರಾ ಕಡಿಮೆ. ರೊಟ್ಟಿ ಜೊತೆ ಉಳ್ಳಾಗಡ್ಡಿ ತಿನ್ರಿ, ಚೆನ್ನಾಗಿರುತ್ತದೆ. ಔಷಧ ಅಂತ ತಿನ್ನಬೇಡಿ.

ಎರಡನೇ ಕತೆ ಕುಂಕುಮದ ಮರದ್ದು. ನಮ್ಮ ಬಯಲಿನಲ್ಲಿ ಇದು ಅಪರೂಪ. ಪಶ್ಚಿಮ ಘಟ್ಟದ ಎಲೆ ಉದುರುವ ಕಾಡುಗಳ ಕಡೆ ಹೋದರೆ ಸಿಗುತ್ತದೆ. ರಂಗಮಾಲೆ ಅಂತಲೂ ಕರೀತಾರೆ, ಆಯುರ್ವೇದದ ಅಂಗಡಿಯಲ್ಲಿ ಕಂಪಿಲ್ಲಕ ಅಂದರೆ ಕೊಡ್ತಾರೆ. ಮೂರು ಭಾಗದ ಪುಟ್ಟ ಕಾಯಿ, ಅದರ ಮೇಲೆ ಇಟ್ಟಿಗೆಗೆಂಪು ಪುಡಿ. ಕಾಯಿಗಳನ್ನು ಬುಟ್ಟಿಯಲ್ಲಿ ಹಾಕಿ ತಿಕ್ಕಿದರೆ ಪುಡಿ ಉದುರುತ್ತದೆ. ರೇಷ್ಮೆಗೆ ಕಿತ್ತಳೆ ಬಣ್ಣ ಹಾಕಲಿಕ್ಕೆ, ಹೊಟ್ಟೆಯ ಲಾಡಿಹುಳ ಬೀಳಿಸಲಿಕ್ಕೆ ಇದನ್ನು ಶತಮಾನಗಳಿಂದ ಬಳಸಿದ್ದಾರೆ.

1776ರಲ್ಲಿ ತರಂಗಂಬಾಡಿಗೆ ಬಂದ ಯೋಹಾನ್ ಪೀಟರ್ ರಾಟ್ಲರ್ ಅಂತ ಒಬ್ಬ ಮಿಷನರಿ ಇದ್ದ. ಗಿಡಗಳ ಹುಚ್ಚು. ಅವನ ಹೆಸರಿನಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಈ ಮರಕ್ಕೆ ರಾಟ್ಲೆರಾ ಟಿಂಕ್ಟೋರಿಯಾ ಅಂತ ಹೆಸರಿಟ್ಟ. ಈಗ ಮರದ ಶಾಸ್ತ್ರೀಯ ಹೆಸರು ಬದಲಾಗಿ ಮ್ಯಾಲೋಟಸ್ ಫಿಲಿಪ್ಪೆನ್ಸಿಸ್ ಆಗಿದೆ. ಆದರೆ ಆ ಕೆಂಪು ಪುಡಿಯೊಳಗಿನ ಮುಖ್ಯ ವಸ್ತುವಿಗೆ ಹಳೆಯ ಹೆಸರೇ ಉಳಿಯಿತು. ರಾಟ್ಲೆರಿನ್.

1994ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಿಂದ ಒಂದು ಪ್ರಬಂಧ ಬಂತು. ಪ್ರೋಟೀನ್ ಕೈನೇಸ್ ಸಿ ಅನ್ನೋದು ಒಂದೇ ಅಲ್ಲ, ಅದರಲ್ಲಿ ಹತ್ತು ಹತ್ತಿರದ ಬಗೆಗಳಿವೆ. ಅವುಗಳಲ್ಲಿ ಡೆಲ್ಟಾ ಅನ್ನೋ ಬಗೆಯನ್ನು ರಾಟ್ಲೆರಿನ್ 3ರಿಂದ 6 ಮೈಕ್ರೊಮೋಲಾರ್ ಪ್ರಮಾಣದಲ್ಲೇ ಅರ್ಧಕ್ಕೆ ಇಳಿಸುತ್ತದೆ, ಉಳಿದ ಬಗೆಗಳಿಗೆ ಅದಕ್ಕಿಂತ ಹಲವು ಪಟ್ಟು ಹೆಚ್ಚು ಬೇಕು ಅಂತ ಅದರ ಸಾರ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನೇ ಆರಿಸಿ ತಡೆಯುವ ಕೀಲಿ, ಅದೂ ಮರದಿಂದ! ಯಾರಿಗೆ ಬೇಡ? ರಾಟ್ಲೆರಿನ್ ಬಾಟಲಿಗಳ ಮೇಲೆ ‘ಪಿಕೆಸಿ ಡೆಲ್ಟಾ ಪ್ರತಿಬಂಧಕ’ ಅಂತ ಲೇಬಲ್ ಬಿತ್ತು. ಕೋಶ ಸಾಯುವುದಕ್ಕೆ ಡೆಲ್ಟಾ ಕಾರಣ, ಜೊಲ್ಲು ಗ್ರಂಥಿ ಸ್ರವಿಸುವುದಕ್ಕೆ ಡೆಲ್ಟಾ ಕಾರಣ ಅಂತ ಪ್ರಬಂಧಗಳ ಸಾಲೇ ಬಂತು.

ಇತ್ತ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಕೋಹೆನ್ ಅಂತ ಒಬ್ಬರು ಬೇಸರದ ಕೆಲಸವೊಂದನ್ನ ಕೈಗೆತ್ತಿಕೊಂಡರು. ಬೇಸರದ ಕೆಲಸ ಅಂತ ಯಾಕಂದೆ ಅಂದ್ರೆ, ಅದರಲ್ಲಿ ಹೊಸ ಶೋಧ ಏನೂ ಇರಲಿಲ್ಲ. ಅಂಗಡಿಯಲ್ಲಿ ಸಿಗುವ, ‘ಇದು ಇದನ್ನೇ ತಡೆಯುತ್ತದೆ’ ಅಂತ ಲೇಬಲ್ ಇರುವ 28 ವಸ್ತುಗಳನ್ನು ತಂದು, ಪ್ರತಿಯೊಂದನ್ನೂ ಕೈನೇಸ್‌ಗಳ ಒಂದು ದೊಡ್ಡ ಸಾಲಿನ ಮೇಲೆ ಹಾಕಿ ನೋಡೋದು, ಅಷ್ಟೇ. 2000ನೇ ಇಸವಿಯಲ್ಲಿ ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಲೇಬಲ್ ಹೇಳಿದ್ದಕ್ಕೂ ವಸ್ತು ಮಾಡುವುದಕ್ಕೂ ಎಷ್ಟೋ ಕಡೆ ತಾಳೆಯೇ ಆಗಲಿಲ್ಲ. ರಾಟ್ಲೆರಿನ್ ವಿಷಯದಲ್ಲಂತೂ ಮಜಾ. ಪ್ರಾಕ್, ಮ್ಯಾಪ್‌ಕ್ಯಾಪ್ ಕೈನೇಸ್ 2 ಅನ್ನೋ ಬೇರೆಯವನ್ನು ಅದು ತಡೆಯಿತು, ಡೆಲ್ಟಾವನ್ನು ತಡೆಯಲಿಲ್ಲ. ಕೋಹೆನ್ ಅಲ್ಲಿಗೆ ಬಿಡಲಿಲ್ಲ. 2003ರಲ್ಲಿ ಇನ್ನೊಂದು ಪಟ್ಟಿ, 2007ರಲ್ಲಿ 65 ವಸ್ತುಗಳನ್ನು 70ರಿಂದ 80 ಕೈನೇಸ್‌ಗಳ ಮೇಲೆ ಪರೀಕ್ಷಿಸಿದ ಮತ್ತೊಂದು ಪಟ್ಟಿ. ನನ್ನ ಕೇಳಿದರೆ, ಈ ಕ್ಷೇತ್ರಕ್ಕೆ ಯಾವ ಹೊಸ ಅಣುವಿಗಿಂತ ಈ ಮೂರು ಪಟ್ಟಿಗಳ ಉಪಕಾರ ದೊಡ್ಡದು.

ಹಾಗಾದರೆ ರಾಟ್ಲೆರಿನ್ ಹಾಕಿದಾಗ ಕೋಶದಲ್ಲಿ ಆಗುತ್ತಿದ್ದ ಬದಲಾವಣೆ ಎಲ್ಲ ಏನು? ಅದು ಸುಳ್ಳಲ್ಲವಲ್ಲ, ಕಣ್ಣಿಗೆ ಕಾಣುತ್ತಿತ್ತು. ಉತ್ತರ 2001ರಲ್ಲಿ ಬಾಸ್ಟನ್ನಿನ ಸ್ಟೀಫನ್ ಸೋಲ್ಟಾಫ್ ಅವರಿಂದ ಬಂತು. ಈಗ ಕರೆಂಟಿನ ಮಾತು ನೆನಪು ಮಾಡಿಕೊಳ್ಳಿ. ಕೋಶದ ಪಂಪ್‌ಹೌಸು ಮೈಟೊಕಾಂಡ್ರಿಯಾ. ಅಲ್ಲಿ ಒಂದು ಪೊರೆಯ ಒಂದು ಬದಿಗೆ ಪ್ರೋಟಾನುಗಳನ್ನು ಕೂಡಿಹಾಕಿ, ಅವು ವಾಪಸು ಇಳಿಯುವ ರಭಸದಲ್ಲಿ ಎಟಿಪಿ ತಯಾರಾಗುತ್ತದೆ, ಥೇಟು ಆಲಮಟ್ಟಿಯ ವಿದ್ಯುತ್ ಘಟಕದ ಹಾಗೆ. ರಾಟ್ಲೆರಿನ್ ಆ ಪೊರೆಯನ್ನು ಸೋರುವಂತೆ ಮಾಡುತ್ತದೆ. ಅಣೆಕಟ್ಟಿಗೆ ತೂತು ಬಿದ್ದ ಹಾಗೆ. ನೀರು ಹರಿಯುತ್ತದೆ, ಟರ್ಬೈನು ತಿರುಗೋದಿಲ್ಲ. ಎಟಿಪಿ ಕುಸಿಯುತ್ತದೆ. ಎಟಿಪಿ ಇಲ್ಲದೆ ಕೈನೇಸ್‌ಗಳು ಅಂಟಿಸೋದು ಏನನ್ನು? ಡೆಲ್ಟಾದ ಕೆಲಸ ನಿಂತಂತೆ ಕಂಡದ್ದು ಇದಕ್ಕೆ. ಗೇಟು ತೆರೆದೇ ಇತ್ತು, ಕರೆಂಟು ಹೋಗಿತ್ತು.

2007ರಲ್ಲಿ ಸೋಲ್ಟಾಫ್ ಇನ್ನೊಂದು ಲೇಖನ ಬರೆದರು. ಅದರ ಶೀರ್ಷಿಕೆಯಲ್ಲೇ ಅವರ ತೀರ್ಪು ಇದೆ: ಡೆಲ್ಟಾವನ್ನು ತಡೆಯಲು ರಾಟ್ಲೆರಿನ್ ಸೂಕ್ತವೂ ಅಲ್ಲ, ಸಮರ್ಥವೂ ಅಲ್ಲ. ಅದಾದ ಮೇಲೂ ರಾಟ್ಲೆರಿನ್ ಅನ್ನು ಡೆಲ್ಟಾದ ಕೀಲಿ ಅಂತಲೇ ಬಳಸಿದ ಪ್ರಬಂಧಗಳು ಬರುತ್ತಲೇ ಇದ್ದವು. ನನಗೆ ಸಿಟ್ಟು ಬರೋದು ಇಲ್ಲಿ. 1994ರಲ್ಲಿ ಗೊತ್ತಿರಲಿಲ್ಲ, ಸರಿ. ಗೊತ್ತಾದ ಮೇಲೂ ಮುಂದುವರಿಸಿದರೆ, ಅದನ್ನ ನಂಬಿ ಮುಂದಿನ ಪ್ರಯೋಗ ಮಾಡುವ ಯಾವುದೋ ಊರಿನ ವಿದ್ಯಾರ್ಥಿಯ ಎರಡು ಮೂರು ವರ್ಷ ಮಣ್ಣುಪಾಲು. ಆ ವಿದ್ಯಾರ್ಥಿ ಸಿಂದಗಿಯಿಂದ ಹೋದವಳೂ ಆಗಿರಬಹುದು.

ಅಷ್ಟಕ್ಕೂ ಕೀಲಿಗಳೆಲ್ಲ ಕೆಟ್ಟವೇನಲ್ಲ. ಒಂದು ಒಳ್ಳೆಯ ಕತೆ ಕೇಳ್ರಿ. ಸ್ಮಿತ್‌ಕ್ಲೈನ್ ಕಂಪನಿಯಲ್ಲಿ ಉರಿಯೂತ ಕಡಿಮೆ ಮಾಡುವ ಕೆಲವು ವಸ್ತುಗಳಿದ್ದವು. ಅವು ಹೇಗೆ ಕೆಲಸ ಮಾಡುತ್ತವೆ ಅಂತ ಯಾರಿಗೂ ತಿಳಿದಿರಲಿಲ್ಲ. ಆ ವಸ್ತುಗಳನ್ನೇ ಗಾಳದ ಹಾಗೆ ಬಳಸಿ ಅವು ಕೋಶದಲ್ಲಿ ಯಾವುದಕ್ಕೆ ಅಂಟುತ್ತವೆ ಅಂತ ಹುಡುಕಿದಾಗ, 1994ರಲ್ಲಿ ಪಿ38 ಅನ್ನೋ ಕೈನೇಸ್ ಸಿಕ್ಕಿತು. ಕೀಲಿ ಮೊದಲು ಇತ್ತು, ಅದರಿಂದ ಬೀಗ ಪತ್ತೆ ಆಯ್ತು. ಆ ಗುಂಪಿನ ಎಸ್‌ಬಿ 203580 ಅನ್ನೋ ವಸ್ತು ಪಿ38ರ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟನ್ನು ಕಲಿಸಿತು. ಸಂಧಿವಾತಕ್ಕೆ ಔಷಧ ಆಗುತ್ತದೆ ಅಂತ ಕಂಪನಿಗಳು ಈ ದಾರಿಯಲ್ಲಿ ವರ್ಷಗಟ್ಟಲೆ ದುಡಿದವು, ಆಗಲಿಲ್ಲ. ಉಪಕರಣವಾಗಿ ಮಾತ್ರ ಅದರ ಬೆಲೆ ಉಳಿಯಿತು.

ಅದು ಕೂಡ ಪರಿಶುದ್ಧ ಅಲ್ಲ. ಸಿಕೆ1, ರಿಪ್‌ಕೆ2 ಅನ್ನೋ ಕೈನೇಸ್‌ಗಳನ್ನೂ ತಡೆಯುತ್ತದೆ. ಆದರೆ ಇಲ್ಲಿ ಡಂಡೀಯ ತಂಡ ಒಂದು ಜಾಣ ಉಪಾಯ ಮಾಡಿತು. ಪಿ38ರ ಗೂಡಿನ ಬಾಗಿಲಲ್ಲಿ 106ನೇ ಜಾಗದಲ್ಲಿ ಥ್ರಿಯೋನಿನ್ ಅನ್ನೋ ಅಮೈನೋ ಆಮ್ಲ ಇದೆ. ಅದನ್ನು ದೊಡ್ಡದಕ್ಕೆ ಬದಲಿಸಿದರೆ ಎಸ್‌ಬಿ ಒಳಗೆ ಹೋಗಲಾರದು, ಆದರೆ ಎಟಿಪಿ ಹೋಗಬಲ್ಲದು. ಅಂದರೆ ಕೀಲಿ ಹತ್ತದ, ಆದರೆ ನೀರು ಬಿಡುವ ಗೇಟು. ಇಂಥ ಗೇಟನ್ನು ಕೋಶಕ್ಕೆ ಕೊಟ್ಟು, ಆಮೇಲೆ ಎಸ್‌ಬಿ ಹಾಕಿ ನೋಡಬೇಕು. ಆಗಲೂ ಪರಿಣಾಮ ನಿಂತರೆ, ತಡೆದದ್ದು ಪಿ38 ಅಲ್ಲ, ಬೇರೆ ಏನೋ. ಪರಿಣಾಮ ಮರಳಿ ಬಂದರೆ, ನಿಮ್ಮ ಊಹೆ ನಿಜ. ಇದಕ್ಕಿಂತ ಗಟ್ಟಿ ಸಾಕ್ಷಿ ಈ ಕ್ಷೇತ್ರದಲ್ಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಕೆವನ್ ಶೋಕಾಟ್ ಅಂತ ಅಮೆರಿಕದ ರಸಾಯನಶಾಸ್ತ್ರಜ್ಞರು ಇದನ್ನೇ ತಿರುಗಿಸಿದರು. ಬಾಗಿಲನ್ನು ದೊಡ್ಡದು ಮಾಡಿ, ಆ ದೊಡ್ಡ ಬಾಗಿಲಲ್ಲಿ ಮಾತ್ರ ಹಿಡಿಸುವ ದಪ್ಪ ಅಣುವನ್ನು ಮಾಡಿದರು. ಸಹಜ ಕೈನೇಸ್‌ಗಳಿಗೆ ಅದು ಸಾಮಾನ್ಯವಾಗಿ ಹಿಡಿಸೋದಿಲ್ಲ, ಹಾಗಾಗಿ ಬೇಕಾದ ಒಂದು ಗೇಟೇ ಮುಚ್ಚುತ್ತದೆ.

ಈಗ ಮನುಷ್ಯರ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇವೇ ಅಣುಗಳು ಗುಳಿಗೆಯಾಗಿ ನಮ್ಮ ಮನೆಗಳಿಗೂ ಬಂದಿವೆ.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನೋದು ಒಂದು ಬಗೆಯ ರಕ್ತದ ಕ್ಯಾನ್ಸರ್. ಅದರಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲು ಬದಲಾಗಿ, ಏಬಲ್ ಅನ್ನೋ ಕೈನೇಸ್ ಯಾವಾಗಲೂ ತೆರೆದೇ ಇರುವ ಗೇಟಾಗುತ್ತದೆ. ಬಿಳಿ ರಕ್ತಕಣಗಳು ಕಟ್ಟೆ ಒಡೆದಂತೆ ಹೆಚ್ಚುತ್ತವೆ. ಸ್ವಿಟ್ಜರ್ಲೆಂಡಿನ ಸೀಬಾ ಗೈಗಿ, ಅಂದರೆ ಮುಂದೆ ನೊವಾರ್ಟಿಸ್‌ನ ಭಾಗವಾದ ಕಂಪನಿಯ ರಸಾಯನಶಾಸ್ತ್ರಜ್ಞರು ಮೊದಲು ಕೈಯಲ್ಲಿ ಹಿಡಿದಿದ್ದ ಅಣು ಪ್ರೋಟೀನ್ ಕೈನೇಸ್ ಸಿಯನ್ನು ತಡೆಯುವಂಥದ್ದು. ಅದಕ್ಕೆ ಒಂದು ಜಾಗದಲ್ಲಿ ಒಂದೇ ಒಂದು ಮೀಥೈಲ್ ಗುಂಪು ಸೇರಿಸಿದರು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಅಣು ತಿರುಚಿಕೊಂಡಿತು, ಸಿ ಮೇಲಿನ ಹಿಡಿತ ಹೋಯ್ತು, ಏಬಲ್ ಮೇಲಿನದು ಉಳಿಯಿತು. ಅದೇ ಬೆಳೆದು ಇಮಾಟಿನಿಬ್ ಆಯ್ತು. ನಿಕ್ ಲೈಡನ್, ಬ್ರಯಾನ್ ಡ್ರಕರ್ ಅವರ ಹಟದಿಂದ ರೋಗಿಗಳವರೆಗೆ ಬಂತು, 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆವರೆಗೆ ಮೂಳೆಮಜ್ಜೆ ಕಸಿ, ಇಲ್ಲ ಇಂಟರ್‌ಫೆರಾನ್ ಚುಚ್ಚುಮದ್ದು. ಆಮೇಲೆ ದಿನಕ್ಕೆ ಗುಳಿಗೆ, ಬಹುತೇಕ ರೋಗಿಗಳಿಗೆ ವರ್ಷಗಟ್ಟಲೆ ಬದುಕು.

ಬೆಲೆ? ಕಂಪನಿಯ ಗುಳಿಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಅಂತ ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ಹೈದರಾಬಾದಿನ ನ್ಯಾಟ್ಕೊದಂಥ ಕಂಪನಿಗಳ ಜೆನೆರಿಕ್ ಗುಳಿಗೆ ಅದರ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಪೇಟೆಂಟ್ ಜಗಳ ವರ್ಷಗಟ್ಟಲೆ ನಡೆದು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಮನವಿಯನ್ನು ತಳ್ಳಿಹಾಕಿತು. ಹಳೆಯ ಅಣುವಿನ ಹೊಸ ಹರಳು ರೂಪಕ್ಕೆ, ಚಿಕಿತ್ಸೆಯಲ್ಲಿ ಹೆಚ್ಚಿನ ಗುಣ ತೋರಿಸದೆ, ಪೇಟೆಂಟ್ ಇಲ್ಲ ಅಂತ. ಬೆಂಗಳೂರಿನ ಕಿದ್ವಾಯಿಗೋ, ಸೊಲ್ಲಾಪುರಕ್ಕೋ ತಿಂಗಳ ಗುಳಿಗೆಗೆ ಅಂತ ಬಸ್ಸು ಹತ್ತುವ ಇಂಡಿ ಕಡೆಯ ಒಂದು ಒಕ್ಕಲುತನದ ಮನೆಗೆ ಈ ತೀರ್ಪಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಗುಳಿಗೆ ತಗೊಳ್ಳೋ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಒಂದು ಮಾತು: ರಕ್ತದ ವರದಿ ಚೆನ್ನಾಗಿ ಬಂತು ಅಂತ ನೀವೇ ನಿಲ್ಲಿಸಬೇಡಿ. ಗೇಟು ಸರಿಹೋಗಿಲ್ಲ, ಗುಳಿಗೆ ಅದನ್ನ ಒತ್ತಿ ಹಿಡಿದಿದೆ. ನಿಲ್ಲಿಸೋದು, ಬಿಡೋದು ವೈದ್ಯರು ಪರೀಕ್ಷೆ ನೋಡಿ ಹೇಳಬೇಕಾದ ಮಾತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಮಾಟಿನಿಬ್ ಏಬಲ್ ಒಂದನ್ನೇ ತಡೆಯೋದಿಲ್ಲ. ಕಿಟ್ ಅನ್ನೋದನ್ನೂ, ಪಿಡಿಜಿಎಫ್ ಗ್ರಾಹಕಗಳನ್ನೂ ತಡೆಯುತ್ತದೆ. ಅದು ರೋಗಿಗಳಿಗೆ ವರವೇ ಆಯ್ತು, ಯಾಕಂದ್ರೆ ಕಿಟ್ ಕೆಟ್ಟು ಬರುವ ಜೀರ್ಣಾಂಗದ ಒಂದು ಗಡ್ಡೆಗೂ ಅದೇ ಗುಳಿಗೆ ಹಿಡಿಯಿತು. ಔಷಧಕ್ಕೆ ಎರಡು ಮೂರು ಗೇಟು ಮುಚ್ಚುವುದು ನಡೆಯುತ್ತದೆ, ರೋಗಿ ಗುಣವಾದರೆ ಸಾಕು. ಪ್ರಯೋಗದ ಉಪಕರಣಕ್ಕೆ ನಡೆಯೋದಿಲ್ಲ, ಅಲ್ಲಿ ಪ್ರಶ್ನೆಯೇ ‘ಯಾವ ಗೇಟು’ ಅನ್ನೋದು. ಒಳ್ಳೆಯ ಔಷಧ ಕೆಟ್ಟ ಉಪಕರಣ ಆಗಬಹುದು. ನಮ್ಮ ಬೆಂಗಳೂರಿನ ಆರಿಜೀನ್ ಕಂಪನಿಯಲ್ಲಿ ರೂಪುಗೊಂಡ ಎಮಾವುಸರ್ಟಿಬ್ ಅನ್ನೋ ಅಣು ಇದೆ. ಅಮೆರಿಕದ ಕ್ಯೂರಿಸ್ ಕಂಪನಿ ಅದನ್ನು ಪಡೆದು ರಕ್ತದ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗ ನಡೆಸಿದೆ. ಅದು ಇರಾಕ್4 ಮತ್ತು ಎಫ್‌ಎಲ್‌ಟಿ3, ಎರಡನ್ನೂ ತಡೆಯುತ್ತದೆ. ವೈದ್ಯರಿಗೆ ಇದು ಲಾಭ ಆಗಬಹುದು. ಆದರೆ ಎಫ್‌ಎಲ್‌ಟಿ3 ಇರುವ ಕೋಶದಲ್ಲಿ ಅದನ್ನು ಹಾಕಿ, ‘ನೋಡಿ, ಇದು ಇರಾಕ್4ನ ಕೆಲಸ’ ಅಂತ ಬರೆದರೆ ಅದು ವಿಜ್ಞಾನ ಆಗೋದಿಲ್ಲ.

ಇನ್ನು ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವವರಿಗೆ ನೇರ ಮಾತು. ನಿಮ್ಮ ಕೈಗೆ ಯಾರೋ ಒಂದು ಪುಟ್ಟ ಬಾಟಲಿ ಕೊಡ್ತಾರೆ, ‘ಇದು ಇಂಥ ಕೈನೇಸಿನ ಪ್ರತಿಬಂಧಕ, ಹತ್ತು ಮೈಕ್ರೊಮೋಲಾರ್ ಹಾಕು, ಎಲ್ಲರೂ ಅಷ್ಟೇ ಹಾಕ್ತಾರೆ’ ಅಂತಾರೆ. ಎಲ್ಲರೂ ಹಾಕ್ತಾರೆ ಅನ್ನೋದು ಕಾರಣ ಅಲ್ಲ. ಆ ವಸ್ತುವಿನ ಹೆಸರನ್ನು ಕೆಮಿಕಲ್ ಪ್ರೋಬ್ಸ್ ಪೋರ್ಟಲ್ ಅನ್ನೋ ತಾಣದಲ್ಲಿ ಹುಡುಕಿ. 2015ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ, ತಜ್ಞರು ಅಂಕ ಕೊಟ್ಟಿರ್ತಾರೆ. ಒಳ್ಳೆಯ ಉಪಕರಣಕ್ಕೆ ಸಾಮಾನ್ಯವಾಗಿ ಒಪ್ಪಿರುವ ಅಳತೆ ಅಂದರೆ, ಕೊಳವೆಯಲ್ಲಿ 100 ನ್ಯಾನೊಮೋಲಾರ್‌ಗಿಂತ ಕಡಿಮೆಯಲ್ಲಿ ಗುರಿಯನ್ನು ತಡೆಯಬೇಕು, ಹತ್ತಿರದ ಬಂಧುಗಳಿಗಿಂತ ಕನಿಷ್ಠ 30 ಪಟ್ಟು ಹೆಚ್ಚು ಬಲವಾಗಿ ಗುರಿಗೆ ಹಿಡಿಯಬೇಕು, ಕೋಶದಲ್ಲಿ 1 ಮೈಕ್ರೊಮೋಲಾರ್ ಒಳಗೆ ಕೆಲಸ ಮಾಡಬೇಕು. ರಾಟ್ಲೆರಿನ್‌ನ 3ರಿಂದ 6 ಮೈಕ್ರೊಮೋಲಾರ್ ಇದರ ಹತ್ತಿರಕ್ಕೂ ಬರೋದಿಲ್ಲ ಅಂತ ನಿಮಗೇ ಕಾಣುತ್ತದೆ.

ಕೊಳವೆ ಬೇರೆ, ಕೋಶ ಬೇರೆ ಅನ್ನೋದೂ ಮರೆಯಬೇಡಿ. ಕೋಶದೊಳಗೆ ಎಟಿಪಿ ಮಿಲಿಮೋಲಾರ್ ಲೆಕ್ಕದಲ್ಲಿ ತುಂಬಿರುತ್ತದೆ, ಕೊಳವೆಯಲ್ಲಿ ಬಹಳ ಸಲ ಅದಕ್ಕಿಂತ ಎಷ್ಟೋ ಕಡಿಮೆ ಹಾಕಿರ್ತಾರೆ. ಗೂಡಿಗಾಗಿ ಎಟಿಪಿ ಜೊತೆ ಗುದ್ದಾಡುವ ಅಣುವಿಗೆ ಕೊಳವೆಯಲ್ಲಿ ಗೆಲ್ಲೋದು ಸುಲಭ. ಅದಕ್ಕೇ ಕೋಶದಲ್ಲಿ ನಿಮ್ಮ ಕೈನೇಸ್ ಫಾಸ್ಫೇಟ್ ಅಂಟಿಸುವ ಗೊತ್ತಿರುವ ಒಂದು ಪ್ರೋಟೀನನ್ನು ಅಳೆದು, ಯಾವ ಪ್ರಮಾಣಕ್ಕೆ ಅಂಟಿಸುವುದು ನಿಲ್ಲುತ್ತದೆ ಅಂತ ನೀವೇ ನೋಡಬೇಕು. ಅದಕ್ಕಿಂತ ಹತ್ತು ಪಟ್ಟು ಹೆಚ್ಚು ಹಾಕಿದಾಗ ಮಾತ್ರ ನಿಮ್ಮ ಪರಿಣಾಮ ಕಂಡರೆ, ಆ ಪರಿಣಾಮ ಈ ಕೈನೇಸಿನದ್ದಲ್ಲ. ಒಂದೇ ವಸ್ತುವಿನ ಮೇಲೆ ನಿಲ್ಲಬೇಡಿ, ರಚನೆಯಲ್ಲಿ ಸಂಬಂಧವೇ ಇಲ್ಲದ ಎರಡನೆಯದನ್ನೂ ಹಾಕಿ. ಎರಡೂ ಬೇರೆ ಬೇರೆ ತಪ್ಪು ಮಾಡುತ್ತವೆ. ಎರಡೂ ಒಂದೇ ಉತ್ತರ ಕೊಟ್ಟರೆ ನಂಬಿಕೆ ಹೆಚ್ಚುತ್ತದೆ.

ದುಡ್ಡಿಲ್ಲ ಅನ್ನೋ ಮಾತು ಬರುತ್ತದೆ, ಗೊತ್ತು. ಸಣ್ಣ ವಿಶ್ವವಿದ್ಯಾಲಯದಲ್ಲಿ ಒಂದು ಬಾಟಲಿ ತರಿಸೋದಕ್ಕೇ ಆರು ತಿಂಗಳು ಫೈಲು ಓಡಾಡುತ್ತದೆ, ಎರಡನೆಯದನ್ನು ಎಲ್ಲಿಂದ ತರೋಣ? ಒಪ್ಪುತ್ತೇನೆ. ಹಾಗಿದ್ದಾಗ ತೀರ್ಮಾನವನ್ನು ಚಿಕ್ಕದಾಗಿ ಬರೀರಿ. ‘ಈ ವಸ್ತು ಹಾಕಿದಾಗ ಹೀಗಾಯಿತು’ ಅಂತ ಬರೆಯೋದಕ್ಕೆ ಒಂದು ಪೈಸೆ ಖರ್ಚಿಲ್ಲ. ಇಂಥ ಕೈನೇಸಿನಿಂದ ಹೀಗಾಯಿತು ಅಂತ ಬರೆಯೋದಕ್ಕೆ ಮಾತ್ರ ಎರಡನೇ ಬಾಟಲಿ ಬೇಕು. ಗಿಡಮೂಲಿಕೆಯ ಸಾರ ತೆಗೆದು ಕೋಶಕ್ಕೆ ಹಾಕುವ ಯೋಜನೆಗಳು ನಮ್ಮಲ್ಲಿ ಬಹಳ. ಅಂಥವರು ಮೊದಲ ದಿನವೇ ಎಟಿಪಿ ಅಳೆಯುವ ಪರೀಕ್ಷೆ ಮಾಡಿಬಿಡಲಿ, ಸಾಮಾನ್ಯ ಕಿಟ್‌ನಲ್ಲಿ ಆಗುತ್ತದೆ. ಕರೆಂಟು ಇದೆಯೋ ಹೋಗಿದೆಯೋ ಅಂತ ಮೊದಲು ಗೊತ್ತಾಗಲಿ, ಗೇಟಿನ ಮಾತು ಆಮೇಲೆ.

ಕುಂಕುಮದ ಮರ ನೋಡಬೇಕು ಅನ್ನೋರು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಘಟ್ಟದ ಕಡೆ ಹೋದರೆ ಕಾಯಿ ಕೆಂಪಾಗಿರುತ್ತದೆ. ಬೆರಳಿಗೆ ತಿಕ್ಕಿ ನೋಡ್ರಿ, ಬಣ್ಣ ಹತ್ತುತ್ತದೆ. ಪ್ರಶ್ನೆಗಳಿದ್ದರೆ ಕಳಿಸಿ.